ತಟ್ಟೆ ತೊಳಿಯಾಕ ಬೇಕು, ಬಡಿಸಾಕ ಬ್ಯಾಡ



ಸ್ವಲ್ಪ ಉದ್ದ ಬರ್ದೀನಿ, ಪುರುಸೊತ್ತು ಮಾಡ್ಕೊಂಡು ಓದ್ರಿ. ಹೋದ ತಿಂಗಳು ಬೆಂಗಳೂರಿನಾಗ ಕೆಲಸ ಮಾಡೋ ನಮ್ಮ ಅಕ್ಕನ ಮಗ ಜವಳಗೇರಾಕ್ಕೆ ಬಂದಾಗ ಒಂದು ಡಿವಿಡಿ ಡಬ್ಬಿ ತಂದುಕೊಟ್ಟ. ಫುಟ್‌ಪಾತಿನಾಗ ಹಳೇ ಪುಸ್ತಕದ ಜೊತಿ ಮಾರಾಕ ಇಟ್ಟಿದ್ರಂತ. "ಮಾಮಾ, ನಿನ್ನ ಇಂಗ್ಲಿಷ್ ಸುಧಾರಸ್ತದ, ನೋಡು" ಅಂದ. ಆಫೀಸಿನಾಗ ಇಪ್ಪತ್ತು ವರ್ಷ ಟಿಪ್ಪಣಿ ಬರೆದವನಿಗೆ ಈಗ ಇಂಗ್ಲಿಷ್ ಸುಧಾರಿಸಿ ಏನಾಗಬೇಕು, ಆದ್ರೂ ಮನಿ ಕಂಪ್ಯೂಟರಿಗೆ ಹಾಕಿದೆ. 'ಟೂ ಬ್ರೋಕ್ ಗರ್ಲ್ಸ್' ಅಂತ ಅಮೆರಿಕದ ಕಾಮಿಡಿ ಸೀರಿಯಲ್ಲು. 2011ರಿಂದ 2017ರ ತನಕ ಸಿಬಿಎಸ್ ಚಾನೆಲ್ಲಿನಾಗ ಬಂದದ್ದು. ನನ್ನ ಕೈಗೆ ಸಿಕ್ಕಿದ್ದು ಮೊದಲನೇ ಸೀಸನ್ನಿನ 24 ಕಂತು, 2012ರಾಗ ಡಿಸ್ಕ್ ಮಾಡಿ ಮಾರಿದ್ದು.

ಕಥಿ ಇಷ್ಟೇ. ನ್ಯೂಯಾರ್ಕಿನ ಬ್ರೂಕ್ಲಿನ್ ಕಡೆ ಒಂದು ಸಾದಾ ಹೋಟೆಲ್ಲು. ಅಲ್ಲಿ ಇಬ್ಬರು ಹುಡುಗೇರು ಸಪ್ಲಾಯರ್ ಕೆಲಸ ಮಾಡ್ತಾರ. ಮ್ಯಾಕ್ಸ್ ಅನ್ನಾಕಿ ಹುಟ್ಟು ಬಡವಿ. ಕ್ಯಾರೊಲಿನ್ ಅನ್ನಾಕಿ ಕೋಟ್ಯಾಧೀಶನ ಮಗಳು, ಅಪ್ಪ ಜನರ ದುಡ್ಡು ನುಂಗಿ ಜೈಲಿಗೆ ಹೋದಮ್ಯಾಲೆ ಬೀದಿಗೆ ಬಿದ್ದಾಕಿ. ಇಬ್ಬರೂ ಸೇರಿ ಕಪ್‌ಕೇಕ್ ಅಂಗಡಿ ಇಡಬೇಕಂತ ಎರಡೂವರೆ ಲಕ್ಷ ಡಾಲರ್ ಕೂಡಿಸಾಕ ಹೊಂಟಾರ. ಪ್ರತಿ ಕಂತಿನ ಕೊನೀಗೆ ಪರದಿ ಮ್ಯಾಲೆ ಇವತ್ತಿಗೆ ಎಷ್ಟು ಕೂಡಿತು ಅನ್ನೋ ಲೆಕ್ಕ ಬರ್ತದ. ಒಮ್ಮೆ ಏರ್ತದ, ಒಮ್ಮೆ ಇಳಿತದ. ನಾನು ನಗೆಮಾತಿಗಿಂತ ಆ ಲೆಕ್ಕಕ್ಕೇ ಕಾಯ್ಕೊಂತ ಕುಂತೆ. ನಮ್ಮವ್ವ ಸಾಸಿವಿ ಡಬ್ಬಿಯೊಳಗ ಇಟ್ಟ ನೋಟು ಎಣಿಸಿದ್ದು ನೆನಪಾಯ್ತು.

ಇಲ್ಲಿ ಒಂದು ಮಾತು ಹೇಳ್ಬೇಕು. ಸೀರಿಯಲ್ಲು ಚೊಕ್ಕ ಅಲ್ಲ. ಹೋಟೆಲ್ ಮಾಲೀಕ ಏಷ್ಯಾದವನು, ಅವನ ಕುಳ್ಳುತನ, ಅವನ ಇಂಗ್ಲಿಷು, ಎಲ್ಲಾನೂ ನಗೆಚಾಟಿಕಿ. ಇದು ವರ್ಣದ್ವೇಷ ಅಂತ ಅಲ್ಲೇ 2012ರಾಗ ಪತ್ರಕರ್ತರು ನಿರ್ಮಾಪಕರಿಗೆ ಮಾರಿ ಮ್ಯಾಲೇ ಕೇಳಿದ್ರು. ಸರಿಯಾಗೇ ಕೇಳಿದ್ರು. ಬಡ ಹುಡುಗಿ ಗಿರಾಕಿಗೆ ತಿರುಗಿ ಮಾತಾಡಿದ್ರ ನಾನು ಚಪ್ಪಾಳಿ ಹೊಡಿತೀನಿ, ಅದೇ ಹುಡುಗಿ ಇನ್ನೊಬ್ಬನ ಮೂಗು, ಬಣ್ಣ, ನಾಲಿಗಿ ಮ್ಯಾಲೆ ನಕ್ಕರ ನನಗ ನಗಿ ಬರಂಗಿಲ್ಲ. ಅಂಥಾ ನಗಿ ಕೇಳಿಕೊಂತ ಬೆಳದವರು ನಾವು.

ಆದ್ರ ನನ್ನ ತಲಿ ಕೆಡಿಸಿದ್ದು ಬ್ಯಾರೆ. ಮೂರನೇ ಕಂತೋ ನಾಕನೇ ಕಂತೋ ನೋಡುವಾಗ ಒಮ್ಮಿಂದೊಮ್ಮೆ ಹೊಳೀತು: ಈ ಹುಡುಗೇರು ಬಡವರು, ಖರೆ. ಆದ್ರ ಅವರ ಕೈಯಾಗಿನ ತಟ್ಟಿ ಯಾರೂ ಬ್ಯಾಡ ಅನ್ನವಲ್ಲರು.

ನಮ್ಮ ಕೇರಿ ಹುಡುಗಿ ಒಬ್ಬಾಕಿ. ಪಿಯುಸಿ ಪಾಸು, ಚುರುಕು. ಹೋದ ವರ್ಷ ಪಟ್ಟಣದ ಒಂದು ಹೋಟೆಲ್ಲಿಗೆ ಕೆಲಸ ಕೇಳಾಕ ಹೋದ್ಲು. ಬಾಗಿಲಿಗೆ "ಸಪ್ಲಾಯರ್ ಬೇಕಾಗಿದ್ದಾರೆ" ಅಂತ ಬೋರ್ಡು ಇತ್ತು. ಗಲ್ಲಾದ ಮ್ಯಾಲೆ ಕುಂತವರು ಓದು ಕೇಳಿದ್ರು, ಊರು ಕೇಳಿದ್ರು, ಆಮೇಲೆ ಓಣಿ ಕೇಳಿದ್ರು. ಓಣಿ ಹೇಳಿದ ಕೂಡ್ಲೇ "ಸಪ್ಲಾಯರ್ ಆಗ್ಲೇ ಸಿಕ್ಕಾನವ್ವ, ಹಿಂದ ಪಾತ್ರಿ ತೊಳಿಯಾಕ ಬರೋದಿದ್ರ ನಾಳಿಂದ ಬಾ" ಅಂದ್ರಂತ. ಬೈಲಿಲ್ಲ, ಜಾತಿ ಹೆಸರು ತೆಗೀಲಿಲ್ಲ. ಮೆತ್ತಗ, "ಅವ್ವ" ಅಂತ ಕರದೇ ಕಳಿಸ್ಯಾರ. ಎಂಟು ದಿನ ಬಿಟ್ಟು ನಾನೇ ಚಾ ಕುಡಿಯಾಕ ಹೋದೆ. ಬೋರ್ಡು ಅಲ್ಲೇ ತೂಗಾಡ್ತಿತ್ತು.

"ಕಾಕಾ, ಅವರು ಓಣಿ ಕೇಳಿದಾಗ ನಾ ಸುಳ್ಳು ಹೇಳ್ಬೇಕಾಗಿತ್ತೇನು?" ಅಂತ ಆಕಿ ನನ್ನ ಕೇಳಿದ್ಲು. ನಾನು ಸಂಘಟನೆಯವನು, ಭಾಷಣ ಮಾಡಾವ. ಆಕೀಗೆ ಒಂದು ಉತ್ತರ ಕೊಡಾಕ ಆಗ್ಲಿಲ್ಲ.

ಎರಡು ಲೋಟದ ಪದ್ಧತಿ ಬಗ್ಗೆ ನಾವು ಸಾಕಷ್ಟು ಹೋರಾಟ ಮಾಡೀವಿ, ಇನ್ನೂ ಮಾಡಾಕತ್ತೀವಿ. ಗಂಗಾವತಿ ತಾಲೂಕಿನ ಮರಕುಂಬಿ ನಮಗೇನು ದೂರಲ್ಲ. ಹೋಟೆಲ್ಲಿಗೆ, ಕ್ಷೌರದಂಗಡಿಗೆ ಬಿಟ್ಕೊಳ್ರಿ ಅಂತ ಕೇಳಿದ ಊರಾಗ 2014ರ ಆಗಸ್ಟಿನಾಗ ಗುಡಿಸಲಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮ್ಯಾಲೆ, 2024ರ ಅಕ್ಟೋಬರ್ 24ಕ್ಕೆ ಕೊಪ್ಪಳ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಾಗ ಬಹುತೇಕರಿಗೆ ಜಾಮೀನೂ ಸಿಕ್ತು, ಅದು ಬ್ಯಾರೆ ಮಾತು. ನಾನು ಹೇಳೋದು, ಇಷ್ಟೆಲ್ಲಾ ಆದದ್ದು ಹೋಟೆಲ್ಲಿನಾಗ ಗಿರಾಕಿಯಾಗಿ ಕುಂದ್ರೋ ಹಕ್ಕಿಗೆ. ಅದೇ ಹೋಟೆಲ್ಲಿನಾಗ ನಿಂತು ಬಡಿಸೋ ಹಕ್ಕಿನ ಬಗ್ಗೆ ನಾವು ಒಂದು ಕರಪತ್ರಾನೂ ಹಾಕಿಲ್ಲ.

ಕಾನೂನು ಇಲ್ಲಂತಲ್ಲ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 4ನೇ ಕಲಮು ತೆಗೆದು ನೋಡ್ರಿ. ಅಂಗಡಿ, ಹೋಟೆಲ್, ಬಾವಿ ಎಲ್ಲಾ ಆದಮ್ಯಾಲೆ, ಯಾವುದೇ ಉದ್ಯೋಗದಾಗ ಅಸ್ಪೃಶ್ಯತೆ ಕಾರಣಕ್ಕೆ ತಡೆಯೋದೂ ಅಪರಾಧ ಅಂತ ಅದರಾಗ ಐತಿ. ಆದ್ರ "ಕೆಲಸ ಖಾಲಿ ಇಲ್ಲ" ಅಂದವನ ಮ್ಯಾಲೆ ಯಾವ ಠಾಣೆಯವರು ಕೇಸ್ ಬರ್ಕೊಂತಾರ? ನಮ್ಮ ಕಡೆ ಕೆಲವು ಖಾನಾವಳಿ ಬೋರ್ಡಿನ ಮ್ಯಾಲೇ ಜಾತಿ ಹೆಸರು ಬರದಿರ್ತಾರ. ನಾವು ಅದನ್ನ ರೊಟ್ಟಿ ರುಚಿ ಗುರುತು ಅಂತ ತಿಳ್ಕೊಂಡು ಒಳಗ ಹೋಗ್ತೀವಿ. ಅದು ರೊಟ್ಟಿ ಬಡಿದ ಕೈ ಯಾವುದು ಅನ್ನೋ ಗ್ಯಾರಂಟಿ.

ಸರ್ಕಾರ ಒಂದು ಕಡೆ ಇದನ್ನ ಮುರಿದದ್ದು ಒಪ್ಕೋಬೇಕು. 2002ರಾಗ ಬಿಸಿಯೂಟ ಶುರುವಾದಾಗ ಮೊದಲು ಬಂದದ್ದು ನಮ್ಮ ರಾಯಚೂರು ಸೇರಿ ಈ ಭಾಗದ ಏಳು ಜಿಲ್ಲೆಗೆ. ನಮ್ಮ ಹೆಣ್ಮಕ್ಕಳು ಸೌಟು ಹಿಡಿದು ಎಲ್ಲಾ ಜಾತಿ ಮಕ್ಕಳಿಗೆ ಬಡಿಸಿದ್ರು. ಅದು ಎಲ್ಲಾ ಕಡೆ ದಕ್ಕಿಲ್ಲ. 2025ರಾಗ ಚಾಮರಾಜನಗರದ ಹೊಮ್ಮ ಗ್ರಾಮದ ಶಾಲೆಯ ಸುದ್ದಿ ಓದಿರಬೇಕು ನೀವು. ಅಡುಗಿಯಾಕಿ ದಲಿತಳು ಅಂತ ಮಕ್ಕಳನ್ನೇ ಶಾಲೆ ಬಿಡಿಸಿದ್ರು ಅಂತ ವರದಿಯಾಗಿತ್ತು.

ಅಮೆರಿಕದ್ದೂ ಇಂಥದೇ ಇನ್ನೊಂದು ಮುಖ. ಅಲ್ಲಿ ಸಪ್ಲಾಯರ್‌ಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ಕೇಂದ್ರ ಕಾನೂನಿನ ಪ್ರಕಾರ ತಾಸಿಗೆ 2.13 ಡಾಲರ್. 1991ರಿಂದ ಒಂದು ಪೈಸಾ ಏರಿಲ್ಲ. ಉಳಿದದ್ದು ಗಿರಾಕಿ ಕೊಡೋ ಟಿಪ್ಸಿನಾಗ ತುಂಬ್ಕೋಬೇಕು. ಈ ಟಿಪ್ಸು ಅಲ್ಲಿ ಬೇರು ಬಿಟ್ಟದ್ದು ಗುಲಾಮಗಿರಿ ಹೋದಮ್ಯಾಲೆ, ಬಿಡುಗಡೆಯಾದ ಕಪ್ಪು ಜನರನ್ನ ಕೆಲಸಕ್ಕೆ ಇಟ್ಕೊಂಡು ಪಗಾರ ಕೊಡದೇ ತಪ್ಪಿಸ್ಕೊಳ್ಳಾಕ. ಪುಲ್‌ಮನ್ ರೈಲಿನ ಕಪ್ಪು ಪೋರ್ಟರುಗಳು ಅದಕ್ಕೇ 1925ರಾಗ ಯೂನಿಯನ್ ಕಟ್ಟಿದ್ರು, ಹನ್ನೆರಡು ವರ್ಷ ಬಡಿದಾಡಿ 1937ರಾಗ ಕಂಪನಿ ಜೊತಿ ಒಪ್ಪಂದ ಮಾಡ್ಕೊಂಡ್ರು. ಅವರಿಗೆ ಬಡಿಸಾಕ ಹಚ್ಚಿ ಪಗಾರ ತಪ್ಪಿಸಿದ್ರು. ನಮಗ ಬಡಿಸೋದನ್ನೇ ತಪ್ಪಿಸಿದ್ರು. ಬಾಬಾಸಾಹೇಬರು 1913ರಾಗ ಇದೇ ನ್ಯೂಯಾರ್ಕಿಗೆ ಓದಾಕ ಹೋದ್ರು, ಅಲ್ಲಿ ಮನುಷ್ಯರಾಗಿ ಓಡಾಡಿದ್ರು. ಅದೇ ಮನುಷ್ಯಾ 1917ರಾಗ ಬರೋಡಾಕ್ಕೆ ಕೆಲಸಕ್ಕೆ ಬಂದಾಗ ಇಳಕೊಳ್ಳಾಕ ಜಾಗ ಇಲ್ಲ. ಪಾರ್ಸಿ ಛತ್ರದಾಗ ಹೆಸರು ಮುಚ್ಚಿಟ್ಟು ಇದ್ರು, ಹನ್ನೊಂದನೇ ದಿನಕ್ಕ ಬಡಿಗಿ ಹಿಡಿದು ಬಂದು ಹೊರಗ ಹಾಕಿದ್ರು. ಆ ಹುಡುಗಿ ಕೇಳಿದ ಪ್ರಶ್ನಿ ಅಷ್ಟು ಹಳೇದು.

ಈಗ ನಮ್ಮ ಟೀವಿಗೆ ಬರ್ರಿ. 'ಸಿಲ್ಲಿ ಲಲ್ಲಿ', 'ಪಾಪ ಪಾಂಡು' ನೋಡಿ ನಾನೂ ಹೊಟ್ಟಿ ಹುಣ್ಣಾಗೋ ಹಂಗ ನಕ್ಕಾವ. ಆದ್ರ ನೆನಪು ಮಾಡ್ಕೋರಿ, ದುಡಿಯೋ ಹುಡುಗಿಯ ಕಣ್ಣಿಂದ ಮಾಲೀಕನ್ನ ನೋಡಿ ನಕ್ಕ ಕನ್ನಡ ಸೀರಿಯಲ್ಲು ಎಷ್ಟು ಸಿಗ್ತಾವ? ನಮ್ಮಲ್ಲಿ ಕೆಲಸದಾಕಿ ಅಂದ್ರ ಅಡುಗಿಮನಿ ಬಾಗಿಲದಾಗ ನಿಂತು ಚಾಡಿ ಹೇಳಾಕಿ. ನಮ್ಮ ಜನ ಸೀರಿಯಲ್ಲು ನೋಡಂಗಿಲ್ಲ ಅನ್ನೋ ನೆಪಾನೂ ಸುಳ್ಳು. 2020ರಾಗ ಜೀ ಕನ್ನಡದಾಗ 'ಮಹಾನಾಯಕ' ಬಂದಾಗ ಊರೂರಿಗೆ ಫ್ಲೆಕ್ಸ್ ಕಟ್ಟಿದವರು ಯಾರು? ಅದು ಹಿಂದಿಯಿಂದ ಡಬ್ ಆದದ್ದು, ಆದ್ರೂ ಹಬ್ಬ ಮಾಡಿದ್ವಿ. ನಮಗ ಮಹಾನಾಯಕನೂ ಬೇಕು, ಪಿಯುಸಿ ಪಾಸಾಗಿ ಹೋಟೆಲ್ ಬಾಗಿಲಿನಿಂದ ತಿರುಗಿ ಬಂದ ಹುಡುಗಿಯ ಕಾಮಿಡಿಯೂ ಬೇಕು. ಅಳು ಸಾಕಾಗೇತಿ. ಆಕಿ ಗಲ್ಲಾದವರ ಅನುಕರಣಿ ಮಾಡಿ ತೋರಿಸಿದ್ರ ನೀವು ಬಿದ್ದು ಬಿದ್ದು ನಗ್ತೀರಿ, ನಾನು ನೋಡೀನಿ.

ಡಬ್ಬಿ ಬಗ್ಗೆ ಒಂದು ಸಣ್ಣ ಹೊಟ್ಟಿಕಿಚ್ಚು. ಅವರು ಒಂದು ನಗೆ ಸೀರಿಯಲ್ಲನ್ನೂ ಸೀಸನ್ ಪ್ರಕಾರ ಡಿಸ್ಕ್ ಮಾಡಿ ಇಟ್ಟಾರ. ಅದು ಸಮುದ್ರ ದಾಟಿ ಜವಳಗೇರಾಕ್ಕೂ ಬಂತು. ನಮ್ಮ ಹಳೇ ಜಾಥಾಗಳ ಹಾಡಿನ ಕ್ಯಾಸೆಟ್ಟು ನನ್ನ ಟ್ರಂಕಿನಾಗ ಬೂಸಲು ಹಿಡಿದು ಕುಂತಾವ, ಹಚ್ಚಾಕ ಟೇಪ್‌ರೆಕಾರ್ಡರ್ ಇಲ್ಲ. ಯಾರ ಹತ್ರ ಇದ್ರ ಹೇಳ್ರಿ, ಕಂಪ್ಯೂಟರಿಗೆ ಇಳಿಸೋ ಕೆಲಸ ನಾನು ಮಾಡ್ತೀನಿ.

ಬರೋ ಐತವಾರ ಸಂಜಿ ಅಂಬೇಡ್ಕರ್ ಭವನದಾಗ ಇದರ ಎರಡು ಕಂತು ಹಾಕ್ತೀವಿ. ನಡುನಡುವೆ ನಿಲ್ಲಿಸಿ ಕನ್ನಡದಾಗ ನಾನೇ ಹೇಳ್ತೀನಿ, ಪೋಲಿ ಮಾತು ಬಂದಲ್ಲಿ ದಾಟಿಸ್ತೀನಿ. ಹೋಟೆಲ್ಲಿನಾಗ ಪಾತ್ರಿ ತೊಳಿಯೋ ಅಕ್ಕಂದಿರು, ಬಿಸಿಯೂಟದ ಅಡುಗಿಯವರು ತಪ್ಪದೇ ಬರ್ರಿ. ನಿಮ್ಮ ಪಗಾರ, ತಾಸು, ಏನು ಕೇಳಿ ಕೆಲಸಕ್ಕೆ ಇಟ್ಕೊಂಡ್ರು ಅನ್ನೋದನ್ನ ಒಂದು ವಹಿಯಾಗ ಬರ್ಕೊಳ್ಳೋದೈತಿ. ಬರೆಯೋ ಕೆಲಸ ಆ ಹುಡುಗಿಗೇ ಕೊಟ್ಟೀನಿ. ಚಾ ಬಡಿಸೋರು ಯಾರು ಅಂತ ಆಕಿನೇ ನಿರ್ಧಾರ ಮಾಡ್ತಾಳಂತ.