‘ಪಾಸಾದ್ರೆ ಸಾಕು’ ಅನ್ನೋದು ಸಾಕು!

ನಿಮ್ಮ ಮಗನೋ ಮಗಳೋ ಹೈಸ್ಕೂಲಿನಲ್ಲಿದ್ದಾರಾ? ಸಂಜೆಯಾದರೆ ಮೊಬೈಲ್ ಹಿಡಿದು ಆನ್‌ಲೈನ್ ಟ್ಯೂಷನ್‌ಗೆ ಕೂರುತ್ತಾರಾ? ಹಾಗಾದರೆ ಒಂದು ಮಾತು. ಅವರು ಎಷ್ಟು ಓದುತ್ತಾರೆ ಎನ್ನುವುದು, ನೀವು ಅವರಿಂದ ಏನು ಬಯಸುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಶಾಲೆಯಲ್ಲಾದರೆ ಸರ್ ಕಣ್ಣು ಮೇಲೇ ಇರುತ್ತದೆ. ಪಕ್ಕದ ಹುಡುಗ ಬರೆಯುವುದನ್ನು ನೋಡಿ ಇವನೂ ಪೆನ್ನು ಹಿಡಿಯುತ್ತಾನೆ. ಮೊಬೈಲ್ ಪಾಠದಲ್ಲಿ ಅದೆಲ್ಲಿ? ಕ್ಯಾಮೆರಾ ಆಫ್ ಮಾಡಿ ‘ಪ್ರೆಸೆಂಟ್ ಸರ್’ ಅಂದ್ರೆ ಮುಗೀತು, ಹಾಜರಿ! ಉಳಿದದ್ದು ಅವರವರ ಮನಸ್ಸಿಗೆ ಬಿಟ್ಟದ್ದು.

ಕೊರೊನಾ ಕಾಲ ನೆನಪಿದೆಯಲ್ಲ? 2020ರಲ್ಲಿ ಶಾಲೆ ಮುಚ್ಚಿ, ಪಾಠ ಮೊಬೈಲಿಗೂ ಚಂದನ ಟೀವಿಗೂ ಬಂತು. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನ. ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಸರ್ಕಾರ ಮೊದಲೇ ಹೇಳಿತ್ತು. ಸುಮಾರು 8.7 ಲಕ್ಷ ಮಕ್ಕಳಲ್ಲಿ ಒಬ್ಬರ ಹೊರತು ಎಲ್ಲರೂ ಪಾಸು. ಆ ಕಷ್ಟದ ದಿನಗಳಲ್ಲಿ ಅದು ಬೇಕಿತ್ತು, ತಪ್ಪೆನ್ನಲಾರೆ. ಆದರೆ ‘ಹೆಂಗೂ ಪಾಸ್ ಮಾಡ್ತಾರ, ಯಾಕ ಓದಬೇಕು?’ ಎಂಬ ಮಾತೂ ಮನೆಮನೆಯಲ್ಲಿ ಕೇಳಿಬಂತು. ಅದೇ ಪರೀಕ್ಷೆಯಲ್ಲಿ 157 ಮಕ್ಕಳು 625ಕ್ಕೆ 625 ತೆಗೆದರು! ಸರ್ಕಾರ ಕೇಳದಿದ್ದರೂ ಆ ಮಕ್ಕಳು ತಮ್ಮಿಂದ ತಾವೇ ಏನೋ ಬಯಸಿದ್ದರು.

ಹಾಗಂತ ‘ತೊಂಬತ್ತೈದು ಬರಲೇಬೇಕು’ ಎಂದು ಬೆನ್ನು ಹತ್ತಬೇಡಿ. ಅದರಿಂದ ಓದು ಹೆಚ್ಚುವುದಿಲ್ಲ, ಸುಳ್ಳು ಹೆಚ್ಚುತ್ತದೆ. ಅಂಕ ಬಯಸಬೇಡಿ, ದಿನದ ಕೆಲಸ ಬಯಸಿ. ‘ಎಷ್ಟು ಬಂತು?’ ಅನ್ನುವ ಬದಲು ‘ಇವತ್ತೇನು ಹೇಳಿಕೊಟ್ರು, ನನಗೂ ಹೇಳು ನೋಡೋಣ’ ಅನ್ನಿ. ರೊಟ್ಟಿ ಬಡಿಯುತ್ತಲೇ ಕೇಳಬಹುದು. ನಿಮಗೆ ಗಣಿತ ಬರಬೇಕೆಂದೇನಿಲ್ಲ. ಅಮ್ಮ ಕೇಳುತ್ತಾಳೆ ಎಂದು ಗೊತ್ತಿದ್ದರೆ ಪಾಠದ ಮೇಲೆ ಗಮನ ತಾನಾಗಿ ನಿಲ್ಲುತ್ತದೆ. ಮೊಬೈಲ್ ಪಡಸಾಲೆಯಲ್ಲಿರಲಿ, ಜೊತೆಗೊಂದು ನೋಟ್‌ಬುಕ್ಕೂ ಇರಲಿ.

ಮುಖ್ಯವಾಗಿ ಮಗಳ ವಿಷಯ. ಮಗನ ಕ್ಲಾಸಿದ್ದಾಗ ‘ಶ್, ಓದ್ತಾನ’ ಅನ್ನುವ ನಾವೇ, ಮಗಳ ಕ್ಲಾಸಿನ ಹೊತ್ತಿಗೆ ‘ಪಾತ್ರೆ ತೊಳಿ ಬಾರವ್ವಾ’ ಎಂದು ಕರೆದರೆ? ನಿನ್ನ ಓದಿನಿಂದ ನಮಗೇನೂ ಬೇಕಿಲ್ಲ ಎಂದು ಬಾಯಿಬಿಟ್ಟು ಹೇಳಿದಂತೆಯೇ. ಆಮೇಲೆ ‘ಆಕಿಗೆ ಓದು ಹತ್ತಂಗಿಲ್ಲ’ ಎಂದರೆ ಏನು ನ್ಯಾಯ?

ನಿರೀಕ್ಷೆಗೆ ಎಂಥ ಬಲವಿದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಹಾವೇರಿ ಸೀಮೆಯಲ್ಲಿ ವರದಾ–ತುಂಗಭದ್ರೆ ಕೂಡುವ ಊರು ಗಳಗನಾಥ. ಆ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ಶಾಲಾ ಮಾಸ್ತರರಾಗಿದ್ದವರು. ಅಕ್ಷರ ಬಲ್ಲವರೇ ಕಡಿಮೆಯಿದ್ದ ಕಾಲದಲ್ಲಿ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು ಎನ್ನುತ್ತಾರೆ. ಜನ ಓದುತ್ತಾರೆ ಎಂದು ಅವರು ಮೊದಲು ನಂಬಿದರು. ಓದುವವರು ಆಮೇಲೆ ಹುಟ್ಟಿದರು.

ನಿಮ್ಮ ಮನೆಯ ಮಕ್ಕಳನ್ನೂ ಹಾಗೇ ಮೊದಲು ನಂಬಿ. ಬಿಡದೆ ದಿನಾ ಕೇಳಿ.