ಮನೆಯೂಟವೇ ‘ಹೊರಗಿನ ಊಟ’ವಾದಾಗ

ನಮ್ಮ ಮನೆಗಳಲ್ಲಿ ‘ಹೊರಗಿನ ಊಟ’ ಅಂದರೆ ಹೋಟೆಲಿನ ಊಟ. ಮಕ್ಕಳ ಹೊಟ್ಟೆ ಕೆಟ್ಟರೆ ‘ಹೊರಗಿಂದು ಏನು ತಿಂದೆ?’ ಎಂದೇ ಮೊದಲು ಕೇಳುತ್ತೇವೆ. ಆದರೆ ಥೀಮ್ ಪಾರ್ಕಿನ ಬಾಗಿಲಿಗೆ ಬಂದ ಕೂಡಲೇ ಈ ಮಾತಿನ ಅರ್ಥ ತಲೆಕೆಳಗಾಗುತ್ತದೆ. ಫಜರ್ ನಮಾಝಿಗೂ ಮುಂಚೆ ಎದ್ದು ನಾನು ಕಟ್ಟಿಕೊಂಡು ಹೋದ ಟಮಾಟೆ ಬಾತು, ಶಾಮಿ ಕಬಾಬು ಅಲ್ಲಿ ಹೊರಗಿನ ಊಟ. ಯಾವುದೋ ಊರಿನ ಕಾರ್ಖಾನೆಯಿಂದ ಹೆಪ್ಪುಗಟ್ಟಿ ಬಂದು, ಯಾರದೋ ಎಣ್ಣೆಯಲ್ಲಿ ಬೆಂದ ಆಲೂಗಡ್ಡೆ ಕಡ್ಡಿ ಒಳಗಿನ ಊಟ!

ಕಳೆದ ಬೇಸಿಗೆ ರಜೆಯಲ್ಲಿ ಮಕ್ಕಳ ಕಾಟ ತಾಳಲಾರದೆ ಅಂಥದೊಂದು ಪಾರ್ಕಿಗೆ ಹೋಗಿದ್ದೆವು. ಹೆಸರು ಬೇಡ, ನಮ್ಮ ಕಡೆಯ ದೊಡ್ಡ ಪಾರ್ಕುಗಳ ಬಾಗಿಲಲ್ಲಿ ಬೋರ್ಡು ಹೆಚ್ಚುಕಡಿಮೆ ಒಂದೇ. ಕಾವಲಿನ ಹುಡುಗ ಚೀಲದ ಜಿಪ್ ಎಳೆದು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದರ ಮುಚ್ಚಳ ತೆಗೆದು ಮೂಸಿಯೂ ನೋಡಿದ. ‘ಹೊರಗಿನ ಊಟ ಬಿಡಲ್ಲ ಮೇಡಂ’ ಎಂದ. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ, ಗೊತ್ತಿರುವುದನ್ನೇ ತಿನ್ನಬೇಕಾದವರು. ಅವರು ತಮ್ಮ ಅರೆಬರೆ ಕನ್ನಡದಲ್ಲಿ, ‘ಬೇಟಾ, ಇದು ಹೊರಗಿಂದು ಅಲ್ಲಪ್ಪಾ, ಮನೇದು’ ಅಂದರು. ಹುಡುಗ ತಲೆ ತಗ್ಗಿಸಿ, ‘ಗೊತ್ತಾಯ್ತದಮ್ಮ. ನಮ್ಮವ್ವ ಕಟ್ಟಿಕೊಟ್ಟಿರೋ ನನ್ ಡಬ್ಬಿನೂ ಹೊರಗೇ ಐತೆ’ ಅಂದ. ಅವನ ಮೇಲೆ ರೇಗುವುದಕ್ಕೂ ಆಗದೆ, ಬೆಳಿಗ್ಗೆ ಹನ್ನೊಂದಕ್ಕೇ ಕಾರಿನ ಪಕ್ಕದ ಬಿಸಿಲಲ್ಲಿ ನಿಂತು ಮಧ್ಯಾಹ್ನದ ಊಟ ಮುಗಿಸಿ ಒಳಗೆ ಹೋದೆವು.

ಇದನ್ನು ನಾನು ಮರೆತೇಬಿಡುತ್ತಿದ್ದೆನೋ ಏನೋ. ಆದರೆ ಬಕ್ರೀದಿಗೆ ಅಮೆರಿಕದ ಫ್ಲಾರಿಡಾದಿಂದ ತಮ್ಮನ ಮಗಳು ಬಂದಳು. ಒರ್ಲಾಂಡೋದಲ್ಲಿರುವ ಡಿಸ್ನಿ ಪಾರ್ಕುಗಳ ಕಟ್ಟಾ ಅಭಿಮಾನಿ ಅವಳು. ಪಾಸ್ ಇಟ್ಟುಕೊಂಡು ರಜೆ ಸಿಕ್ಕಾಗಲೆಲ್ಲ ಓಡುವವಳು. ಹಬ್ಬದ ಮೂರು ದಿನವೂ ಮನೆಯ ಹುಡುಗ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಅದೇ ಮಾತು. ರೈಡುಗಳ ಬಗ್ಗೆಯೋ ಎಂದು ಕಿವಿಗೊಟ್ಟರೆ ಅಲ್ಲ, ಪೂರ್ತಿ ತಿಂಡಿಯ ಬಗ್ಗೆ! ಕೈಯಲ್ಲಿ ಗದೆಯಂತೆ ಹಿಡಿದು ತಿನ್ನುವ ಹೊಗೆ ಹಾಕಿದ ಟರ್ಕಿ ಕೋಳಿಯ ಕಾಲು, ಡೋಲ್ ವಿಪ್ ಎಂಬ ಅನಾನಸಿನ ಐಸ್‌ಕ್ರೀಮು, ಮಿಕ್ಕಿಯ ಕಿವಿಯಾಕಾರದ ಬಿಸ್ಕತ್ತು, ಯೂನಿವರ್ಸಲ್ ಪಾರ್ಕಿನ ‘ಬಟರ್‌ಬಿಯರ್’. (ಹೆಸರಲ್ಲಿ ಬಿಯರ್ ಇದ್ದರೂ ಅದರಲ್ಲಿ ಮದ್ಯವಿಲ್ಲವಂತೆ, ನಮ್ಮ ಅತ್ತೆ ಮೂರು ಸಲ ಕೇಳಿ ಖಾತ್ರಿಪಡಿಸಿಕೊಂಡರು.) ಯಾವ ಹೋಟೆಲಿನಲ್ಲಿ ಮೇಜು ಬೇಕಾದರೆ 60 ದಿನ ಮುಂಚೆ ಬೆಳಗಿನ ಜಾವ ಎದ್ದು ಕಾಯ್ದಿರಿಸಬೇಕು, ಈ ಸಲದ ಉತ್ಸವಕ್ಕೆ ಯಾವ ಹೊಸ ತಿಂಡಿ ಬಂದಿದೆ, ಯಾವುದು ಕೊಟ್ಟ ದುಡ್ಡಿಗೆ ಮೋಸವಿಲ್ಲ, ಯಾವುದು ಬರೀ ಬಣ್ಣ. ಅಲ್ಲಿನ ಅಭಿಮಾನಿಗಳು ಇಬ್ಬರು ಸೇರಿದರೆ ಮಾತು ಇಲ್ಲಿಂದಲೇ ಶುರುವಾಗುತ್ತದಂತೆ.

ತಿಂಡಿಯ ಹರಟೆಯನ್ನು ನಾನು ಹಳಿಯುವವಳಲ್ಲ. ರಮಝಾನಿನಲ್ಲಿ ಬೆಂಗಳೂರು ಫ್ರೇಜರ್ ಟೌನಿನ ಮಸೀದಿ ರಸ್ತೆಗೆ ಹೋಗಿ ನೋಡಿ. ಹಲೀಮಿಗೆ ನಿಂತ ಸಾಲಿನಲ್ಲಿ ಇದೇ ಮಾತು ಇದೇ ಹುರುಪಿನಲ್ಲಿ ನಡೆದಿರುತ್ತದೆ. ಆದರೆ ನನ್ನ ಸೊಸೆಯ ಮಾತಿನಲ್ಲಿ ಒಂದು ವಿಚಿತ್ರ ಗಮನಿಸಿದೆ. ಅದರಲ್ಲಿ ಉಪ್ಪು ಹುಳಿ ಖಾರದ ಸುದ್ದಿ ಕಡಿಮೆ. ಎಷ್ಟು ಹೊತ್ತು ನಿಂತೆ, ಎಷ್ಟು ತೆತ್ತೆ, ಮುಗಿದುಹೋಗುವ ಮೊದಲು ಸಿಕ್ಕಿತೋ ಇಲ್ಲವೋ, ಚಿತ್ರ ತೆಗೆದೆಯೋ ಇಲ್ಲವೋ ಎನ್ನುವುದೇ ಹೆಚ್ಚು. 2022ರ ಜನವರಿಯಲ್ಲಿ ಎಪ್ಕಾಟ್ ಪಾರ್ಕಿನ ಕಲಾ ಉತ್ಸವದಲ್ಲಿ ಫಿಗ್ಮೆಂಟ್ ಎಂಬ ಕೆನ್ನೀಲಿ ಬಣ್ಣದ ಡ್ರ್ಯಾಗನ್ ಆಕಾರದ ಪಾಪ್‌ಕಾರ್ನ್ ಬಕೆಟ್ಟಿಗೆ ಜನ ಗಂಟೆಗಟ್ಟಲೆ ಸಾಲುಗಟ್ಟಿದರು. ಬೆಲೆ 25 ಡಾಲರ್. ಕೊಂಡವರಲ್ಲಿ ಕೆಲವರು ಅದನ್ನು ಹರಾಜಿಗಿಟ್ಟು ಹಲವು ಪಟ್ಟು ಬೆಲೆಗೆ ಮಾರಿದರು. ಜೋಳದ ಅರಳು ನೆಪ, ಡಬ್ಬಿ ನೈವೇದ್ಯ.

ಇನ್ನೊಂದು ಸಂಗತಿ. ಸಾಲು ತಪ್ಪಿಸುವ ಫಾಸ್ಟ್‌ಪಾಸ್ ಎಂಬ ಚೀಟಿಯನ್ನು ಡಿಸ್ನಿ 1999ರಲ್ಲಿ ಪುಕ್ಕಟೆ ಕೊಡಲು ಆರಂಭಿಸಿತು. 2021ರ ಅಕ್ಟೋಬರಿನಲ್ಲಿ ಒರ್ಲಾಂಡೋದಲ್ಲಿ ಅದರ ಜಾಗಕ್ಕೆ ದುಡ್ಡು ಕೊಟ್ಟು ಪಡೆಯುವ ಜೀನಿ ಪ್ಲಸ್ ಬಂತು. 2024ರಲ್ಲಿ ಅದರ ಹೆಸರೂ ಬದಲಾಯಿತು. ದುಡ್ಡು ಮಾತ್ರ ಉಳಿಯಿತು. ಅಭಿಮಾನಿಗಳು ಮೊದಮೊದಲು ಗೊಣಗಿದರಂತೆ. ಆಮೇಲೆ ಅದೇ ಜನ, ದುಡ್ಡು ಕೊಟ್ಟು ಹೆಚ್ಚು ಲಾಭ ಪಡೆಯುವುದು ಹೇಗೆಂದು ಒಬ್ಬರಿಗೊಬ್ಬರು ಪಾಠ ಹೇಳತೊಡಗಿದರು. ಅಭಿಮಾನಿ ಎನ್ನುವವನು ಗಿರಾಕಿಗಿಂತ ಅಗ್ಗವಾಗಿ ಸಿಗುವ ಆಳು. ಗಿರಾಕಿಗೆ ಜಾಹೀರಾತು ತೋರಿಸಬೇಕು. ಅಭಿಮಾನಿ ತಾನೇ ಜಾಹೀರಾತು ಹೊತ್ತು ತಿರುಗುತ್ತಾನೆ.

ಇದು ಇಂದಿನ ಚಾಳಿಯೇನಲ್ಲ. ಕ್ಯಾಲಿಫೋರ್ನಿಯಾದ ಅನಾಹೈಮಿನಲ್ಲಿ ಮೊದಲ ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಅಂದು ಸುಡುಬಿಸಿಲು. ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿಗಳನ್ನು ಮುಗಿಸಬೇಕೋ ಶೌಚಾಲಯಗಳನ್ನು ಮುಗಿಸಬೇಕೋ ಎಂಬ ಇಕ್ಕಟ್ಟು. ವಾಲ್ಟ್ ಡಿಸ್ನಿ ಶೌಚಾಲಯ ಆರಿಸಿಕೊಂಡ. ಪ್ರಾಯೋಜಕರಲ್ಲಿ ಪೆಪ್ಸಿ ಕಂಪೆನಿಯೂ ಇತ್ತು. ಹೀಗಾಗಿ ನಲ್ಲಿಯಲ್ಲಿ ನೀರಿಲ್ಲದ್ದು ಪೆಪ್ಸಿ ಮಾರುವ ಹೂಟವೆಂದು ಜನ ಆಡಿಕೊಂಡರು. ಆ ಆರೋಪ ಸುಳ್ಳೇ ಇರಬಹುದು. ಆದರೆ ಬಾಯಾರಿದವನಿಗೆ ಬೇಲಿಯೊಳಗೆ ಬೇರೆ ದಾರಿಯಿಲ್ಲ ಎನ್ನುವುದು ಮೊದಲ ದಿನವೇ ಜನರಿಗೆ ಹೊಳೆದಿತ್ತು. ಅದೇ ಪಾರ್ಕಿನಲ್ಲಿ ಫ್ರಿಟೋ ಕಂಪೆನಿಯ ಮೆಕ್ಸಿಕನ್ ಹೋಟೆಲೊಂದಿತ್ತು. ಅಲ್ಲಿ ಉಳಿದುಹೋದ ಜೋಳದ ರೊಟ್ಟಿಗಳನ್ನು ತುಂಡು ಮಾಡಿ ಕರಿದು ಮಾರಿದ್ದರಿಂದಲೇ ಡೊರಿಟೋಸ್ ಹುಟ್ಟಿತೆಂದು ಹೇಳುತ್ತಾರೆ. 1966ರಲ್ಲಿ ಅದು ಅಮೆರಿಕದಾದ್ಯಂತ ಮಾರಾಟಕ್ಕೆ ಬಂತು. ನಮ್ಮ ಅಮ್ಮಿಯೂ ರಾತ್ರಿ ಮಿಕ್ಕ ರೊಟ್ಟಿಯನ್ನು ಚೂರು ಮಾಡಿ ಕರಿದು ಖಾರದಪುಡಿ ಉದುರಿಸಿ ಕೊಡುತ್ತಿದ್ದರು. ಅದಕ್ಕೆ ‘ಬಾಸಿ ರೋಟಿ’ ಎನ್ನುವುದಕ್ಕಿಂತ ದೊಡ್ಡ ಹೆಸರೇನೂ ಇರಲಿಲ್ಲ.

ಇರಲಿ. ನನ್ನನ್ನು ಬೆಚ್ಚಿಬೀಳಿಸಿದ್ದು ಹಬ್ಬದ ಮೂರನೇ ದಿನ ಸೊಸೆ ಆಡಿದ ಮಾತು. ಬಿಸಿಲಲ್ಲಿ ನಿಂತು ಉಂಡ ನಮ್ಮ ಕತೆ ಹೇಳಿದೆ. ‘ನೀವು ಅಲ್ಲಿ ಏನು ಮಾಡ್ತೀರವ್ವಾ, ಹಲಾಲ್ ಹುಡುಕ್ತಾ ಅಲೀತೀರಾ?’ ಎಂದು ಕೇಳಿದೆ. ‘ಇಲ್ಲ ಫುಪ್ಪು, ಮನೇಯಿಂದ ಖೀಮಾ ಪರಾಠ ತಗೊಂಡು ಹೋಗ್ತೀವಿ. ಬ್ಯಾಗು ನೋಡ್ತಾರೆ, ಗಾಜಿನ ಬಾಟ್ಲಿ, ಹೆಂಡ ಬಿಡಲ್ಲ. ಪರಾಠಕ್ಕೆ ಯಾರೂ ಏನೂ ಅನ್ನಲ್ಲ. ಕೌಂಟರಲ್ಲಿ ಕೇಳಿದ್ರೆ ಲೋಟ ನೀರೂ ಪುಕ್ಕಟೆ ಕೊಡ್ತಾರೆ’ ಅಂದಳು. ನಾನು ನಂಬಲಿಲ್ಲ. ಆಮೇಲೆ ವಿಚಾರಿಸಿದರೆ ನಿಜ. ಅಮೆರಿಕದ ಎರಡೂ ಕಡೆಯ ಡಿಸ್ನಿ ಪಾರ್ಕುಗಳು ಮನೆಯ ಬುತ್ತಿಯನ್ನು ಒಳಗೆ ಬಿಡುತ್ತವೆ. ‘ಮತ್ತೆ ಮೂರು ದಿನದಿಂದ ಇಷ್ಟೆಲ್ಲ ಹೇಳಿದೆ, ಇದನ್ನು ಯಾಕೆ ಹೇಳಲಿಲ್ಲ?’ ಎಂದೆ. ಅವಳು ಕಣ್ಣರಳಿಸಿ, ‘ಅದರಲ್ಲಿ ಹೇಳೋದೇನಿದೆ ಫುಪ್ಪು?’ ಎಂದಳು.

ನನ್ನ ತಕರಾರು ಇರುವುದು ಇಲ್ಲಿ. ಇಪ್ಪತ್ತೈದು ಡಾಲರಿನ ಬಕೆಟ್ಟು ಕತೆಯಾಗುತ್ತದೆ. ಕೈಯಿಂದ ತಟ್ಟಿದ ಪರಾಠ ಕತೆಯಾಗುವುದಿಲ್ಲ. ಕೊಂಡದ್ದನ್ನಷ್ಟೇ ಮಾತಾಡಿ ರೂಢಿಯಾದ ನಾಲಗೆಗೆ ಕಟ್ಟಿಕೊಂಡು ಬಂದದ್ದು ಊಟವೆಂದೇ ಅನ್ನಿಸುವುದಿಲ್ಲ. ಮಾತಿನಿಂದ ಮರೆಯಾದದ್ದನ್ನು ಬಾಗಿಲಲ್ಲಿ ಕಿತ್ತುಕೊಂಡರೆ ಕೇಳುವವರಾದರೂ ಯಾರು?

ಕೇಳಿದವರೂ ಇದ್ದಾರೆ. 1983ರಲ್ಲಿ ಟೋಕಿಯೋ ಡಿಸ್ನಿಲ್ಯಾಂಡ್ ತೆರೆದಾಗ ಹೊರಗಿನ ತಿನಿಸನ್ನು ನಿಷೇಧಿಸಿದರು. ಜಪಾನಿನಲ್ಲಿ ಬೆಂಟೋ ಎಂಬ ಬುತ್ತಿಯೆಂದರೆ ತಾಯಿಯ ಕೈಯ ಗುರುತು, ಜನ ಒಪ್ಪಲಿಲ್ಲ. ಕೊನೆಗೆ ಪಾರ್ಕಿನ ಬಾಗಿಲ ಹೊರಗೆ ಬುತ್ತಿ ಬಿಚ್ಚಲು ಒಂದು ಜಾಗ ಮಾಡಿಕೊಟ್ಟರು. ಶಾಂಘೈಯ ಸಂಗತಿ ಇನ್ನೂ ಚೆಂದ. 2019ರ ಜನವರಿಯಲ್ಲಿ ಕಾನೂನು ಓದುವ ಹುಡುಗಿಯೊಬ್ಬಳು ಕುರುಕಲು ತಿಂಡಿ ತೆಗೆದುಕೊಂಡು ಅಲ್ಲಿನ ಡಿಸ್ನಿ ಪಾರ್ಕಿಗೆ ಹೋದಳು. ಬಾಗಿಲಲ್ಲಿ ಚೀಲ ತಡಕಾಡಿ ತಡೆದರು. ಅವಳು ನೇರ ನ್ಯಾಯಾಲಯಕ್ಕೆ ಹೋದಳು. ಅಮೆರಿಕದಲ್ಲಿ ಬಿಡುವುದನ್ನು ಚೀನಾದಲ್ಲಿ ಯಾಕೆ ಬಿಡುವುದಿಲ್ಲ ಎಂದು ದೇಶವೆಲ್ಲ ಕೇಳತೊಡಗಿತು. ಅದೇ ಸೆಪ್ಟೆಂಬರಿನಲ್ಲಿ ಕಂಪೆನಿ ಅವಳಿಗೆ 50 ಯುವಾನ್ ಕೊಟ್ಟು ರಾಜಿಯಾಯಿತು. ಬಿಸಿ ಮಾಡಬೇಕಾದ, ಘಾಟು ವಾಸನೆಯ ಪದಾರ್ಥಗಳ ಹೊರತು ಉಳಿದ ತಿನಿಸು ತರಬಹುದೆಂದು ನಿಯಮವನ್ನೇ ಬದಲಿಸಿತು. ಲಕ್ಷಾಂತರ ಅಭಿಮಾನಿಗಳ ಹರಟೆಯಿಂದ ಆಗದ ಕೆಲಸ ಒಬ್ಬ ವಿದ್ಯಾರ್ಥಿನಿಯಿಂದ ಆಯಿತು.

ನಮ್ಮವರು ಡಿಸ್ನಿಯಿಂದ ಕಲಿಯದೆ ಬಿಟ್ಟದ್ದು ಯಾವುದು? ರೋಲರ್ ಕೋಸ್ಟರ್ ಕಲಿತರು, ದುಡ್ಡು ಕೊಟ್ಟು ಸಾಲು ತಪ್ಪಿಸುವುದನ್ನು ಕಲಿತರು, ಗೊಂಬೆ ವೇಷ ಕಲಿತರು. ಬುತ್ತಿಯನ್ನು ಬಿಡುವ ಒಂದು ಗುಣವನ್ನು ಮಾತ್ರ ಬಿಟ್ಟರು. ಪ್ರಶ್ನಿಸಿದರೆ ಉತ್ತರ ಸಿದ್ಧವಿದೆ: ಖಾಸಗಿ ಜಾಗ, ಮಾಲೀಕರ ಇಷ್ಟ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಿನಿಮಾ ಮಂದಿರಗಳ ಬಗ್ಗೆ ಹೆಚ್ಚುಕಡಿಮೆ ಹೀಗೆಯೇ ಹೇಳಿತು. ಅಂದಿನ ವಿಚಾರಣೆಯಲ್ಲಿ ಕುರ್ಚಿಗೆ ಒರೆಸಿದ ಜಿಲೇಬಿಯ ಪಾಕ, ನೆಲಕ್ಕೆ ಬಿದ್ದ ತಂದೂರಿ ಕೋಳಿಯ ಮೂಳೆಗಳ ಪ್ರಸ್ತಾಪವೂ ಬಂದಿತ್ತು. ನ್ಯಾಯಾಲಯಕ್ಕೆ ತಲೆಬಾಗುತ್ತೇನೆ. ಆದರೆ ಸಿನಿಮಾ ಮೂರು ಗಂಟೆಯದು, ಹಸಿದವರು ಮನೆಗೆ ಬಂದು ಉಣ್ಣಬಹುದು. ಪಾರ್ಕಿನಲ್ಲಿ ಬೆಳಿಗ್ಗೆ ಹೊಕ್ಕವರು ಸಂಜೆಗೆ ಹೊರಬರುತ್ತಾರೆ. ಮಕ್ಕಳು ನೀರಲ್ಲಿ ಆಡಿ ಆಡಿ ಹಸಿದಿರುತ್ತವೆ. ಹಸಿವು ಹುಟ್ಟಿಸುವುದೂ ಅವರೇ, ಅದಕ್ಕೆ ಬೆಲೆ ಕಟ್ಟುವುದೂ ಅವರೇ. ಆ ತೀರ್ಪಿನಲ್ಲಿಯೂ ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಎಳೆಮಕ್ಕಳ ಆಹಾರ ತಡೆಯಬಾರದು ಎಂಬ ಮಾತಿತ್ತು ಎನ್ನುವುದನ್ನು ಈ ಖಾಸಗಿ ಜಾಗದ ವಕೀಲರು ಎತ್ತುವುದಿಲ್ಲ.

ಕಸದ ನೆಪವೂ ಒಂದಿದೆ. ನಾನು ಕೊಂಡೊಯ್ದದ್ದು ಸ್ಟೀಲಿನ ಡಬ್ಬಿ. ತೊಳೆದು ಮತ್ತೆ ಚೀಲಕ್ಕೆ ಹಾಕಿಕೊಳ್ಳುವಂಥದ್ದು. ಒಳಗಿನ ಕಸದ ತೊಟ್ಟಿ ತುಂಬಿದ್ದದ್ದು ಅವರದೇ ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟಗಳಿಂದ.

ಇದು ಬರೀ ಮುಸ್ಲಿಮರ ಹಲಾಲಿನ ಗೋಳೆಂದು ಯಾರೂ ಪಕ್ಕಕ್ಕೆ ಸರಿಸಬೇಕಿಲ್ಲ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಜೈನರಿದ್ದಾರೆ, ಪಥ್ಯದ ವೃದ್ಧರಿದ್ದಾರೆ. ವರ್ಷವೆಲ್ಲ ಚೀಟಿ ಕಟ್ಟಿ ಮಕ್ಕಳ ಟಿಕೆಟ್ಟಿಗಷ್ಟೇ ದುಡ್ಡು ಹೊಂದಿಸಿದ ಗಾರ್ಮೆಂಟ್ಸ್ ಕೆಲಸದ ತಾಯಂದಿರಿದ್ದಾರೆ. ಅಂಥವರು ಬುತ್ತಿ ತಂದರೆ ನಕ್ಕವರು ಪಾರ್ಕಿನವರಲ್ಲ, ಸಾಲಿನಲ್ಲಿ ಹಿಂದೆ ನಿಂತಿದ್ದವರು. ನಮ್ಮ ಡಬ್ಬಿ ಮೇಜಿನ ಮೇಲೆ ಬಂದಾಗ ಹಿಂದಿನಿಂದ ಕಿಸಕ್ಕೆಂದದ್ದನ್ನು ನಾನೇ ಕೇಳಿದ್ದೇನೆ. ‘ಇಲ್ಲೂ ಚಿತ್ರಾನ್ನ ತರ್ತಾರೆ’ ಎಂದರು. ಮೇಜಿನ ಮೇಲಿದ್ದದ್ದು ಟಮಾಟೆ ಬಾತು ಎನ್ನುವುದು ಬೇರೆ ಮಾತು.

ನಾನು ಹುಡುಗಿಯಾಗಿದ್ದಾಗ ಪ್ರವಾಸವೆಂದರೆ ಕೆಆರ್‌ಎಸ್ಸಿನ ಬೃಂದಾವನ, ಲಾಲ್‌ಬಾಗ್, ಇಲ್ಲವೇ ಯಾವುದಾದರೂ ದರ್ಗಾದ ಉರುಸು. ಮರದಡಿ ಚಾದರ ಹಾಸಿ ದಸ್ತರ್‌ಖಾನ್ ಬಿಚ್ಚಿದರೆ ಪಕ್ಕದ ಚಾಪೆಯಲ್ಲಿ ಯಾವುದೋ ಗೌಡರ ಸಂಸಾರ. ಐದು ನಿಮಿಷ ಇಬ್ಬರೂ ಒಬ್ಬರನ್ನೊಬ್ಬರು ನೋಡದವರಂತೆ ಉಣ್ಣುವುದು. ಆಮೇಲೆ ಆ ಕಡೆಯಿಂದ ಒಂದು ಎಲೆಯಲ್ಲಿ ಚಿತ್ರಾನ್ನ ಬರುತ್ತಿತ್ತು. ಖಾಲಿ ಎಲೆ ಕಳಿಸಬಾರದೆಂದು ಅಮ್ಮಿ ಅದರಲ್ಲಿ ಶೀರ್‌ಕೊರ್ಮಾಕ್ಕೆ ತಂದಿದ್ದ ಖರ್ಜೂರವನ್ನೋ ಬಾಳೆಹಣ್ಣನ್ನೋ ಇಡುತ್ತಿದ್ದರು. ಒಮ್ಮೆ ಆ ಕಡೆಯ ಅಜ್ಜಿ, ‘ಸಾಬರಮ್ಮಾ, ನಿಮ್ಮ ಪಲಾವಿಗೆ ಏನು ಹಾಕ್ತೀರಿ, ಇಷ್ಟು ಘಮ’ ಎಂದು ಕೇಳಿ, ಮಾತು ಹೆರಿಗೆ ಬಾಣಂತನದವರೆಗೂ ಹೋಗಿತ್ತು. 2022ರ ಯುಗಾದಿಯ ಹೊಸತೊಡಕಿನ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂದು ನಮ್ಮ ರಾಜ್ಯದಲ್ಲಿ ಪ್ರಚಾರ ನಡೆದಾಗ ನನಗೆ ನೆನಪಾದದ್ದು ಆ ಅಜ್ಜಿ. ಆ ಪ್ರಚಾರ ಹೂಡಿದವರು ಪಕ್ಕದ ಚಾಪೆಯಿಂದ ಎಲೆ ದಾಟಿ ಬಂದದ್ದನ್ನು ಉಂಡೇ ಇರಲಿಲ್ಲವೇನೋ. ಕೊಂಡ ಬರ್ಗರನ್ನು ಯಾರೂ ಪಕ್ಕದವರಿಗೆ ಚಾಚುವುದಿಲ್ಲ. ಬಿಲ್ಲಿನಲ್ಲಿ ಲೆಕ್ಕವಾದದ್ದು ಹಂಚಿಕೆಗೆ ಬಗ್ಗುವುದಿಲ್ಲ. ಪಾರ್ಕಿನ ಬಾಗಿಲಲ್ಲಿ ಡಬ್ಬಿ ತಡೆದವರಿಗೆ ಯಾವ ದ್ವೇಷವೂ ಇಲ್ಲ, ವ್ಯಾಪಾರವಷ್ಟೆ. ಆದರೂ ಎಲೆ ದಾಟುವ ಇನ್ನೊಂದು ದಾರಿ ಅಲ್ಲಿ ಮುಚ್ಚಿಹೋಯಿತು.

ನಮ್ಮವರನ್ನೂ ಬಿಟ್ಟು ಮಾತಾಡುವಂತಿಲ್ಲ. ಈದಿನ ಮರುದಿನ ಮಕ್ಕಳನ್ನು ಮಾಲಿಗೆ ಕರೆದೊಯ್ದು ‘ಫುಡ್ ಕೋರ್ಟು’ ತೋರಿಸುವುದೇ ಈಗ ನಮ್ಮ ಮಧ್ಯಮವರ್ಗದ ಮುಸ್ಲಿಮರಿಗೆ ಅಂತಸ್ತು. ಡಬ್ಬಿ ಕಟ್ಟಿದರೆ ನನ್ನ ಮಗನಿಗೇ ನಾಚಿಕೆ. ಅಂದು ಕಾರಿನ ಪಕ್ಕ ನಿಂತು ಉಣ್ಣುವಾಗ ಅವನು ಬೆನ್ನು ತಿರುಗಿಸಿ ನಿಂತಿದ್ದ.

ಪಾರ್ಕಿನವರಿಂದ ದೊಡ್ಡದೇನನ್ನೂ ನಾನು ಕೇಳುತ್ತಿಲ್ಲ. ಶಾಂಘೈಯಷ್ಟು ದೂರ ಬರಲಾರಿರಾದರೆ ಟೋಕಿಯೋದಷ್ಟಾದರೂ ಬನ್ನಿ. ಬಾಗಿಲ ಹೊರಗೆ ಹೊಂಗೆಮರದ ನೆರಳಲ್ಲಿ ಹತ್ತು ಕಲ್ಲುಬೆಂಚು ಹಾಕಿ, ಕೈ ತೊಳೆಯಲು ಒಂದು ನಲ್ಲಿ ಇಡಿ, ಉಂಡು ಬಂದವರನ್ನು ಕೈಮೇಲಿನ ಮುದ್ರೆ ನೋಡಿ ಮತ್ತೆ ಒಳಗೆ ಬಿಡಿ. ನಮ್ಮ ಅತ್ತೆ ಅಲ್ಲಿ ಕೂತು ಉಣ್ಣಬಹುದು. ಮಧ್ಯಾಹ್ನದ ಬಿಡುವಿನಲ್ಲಿ ಆ ಕಾವಲಿನ ಹುಡುಗನೂ ತನ್ನ ಡಬ್ಬಿ ಅಲ್ಲಿಗೇ ತರಬಹುದು.