ಇಟಲಿಯ ಕೈದಿಗಳ ರಸ್ತೆಯಲ್ಲಿ ಒಂದು ಬಾಡಿಗೆ ಕಾರು

ಕಳೆದ ಜುಲೈನಲ್ಲಿ ಫ್ಲಾರೆನ್ಸ್‌ನಲ್ಲೊಂದು ವಿಚಾರ ಸಂಕಿರಣವಿತ್ತು. ಅದು ಮುಗಿದೊಡನೆ ಕಾರೊಂದನ್ನು ಬಾಡಿಗೆಗೆ ಹಿಡಿದು ಟಸ್ಕನಿಯ ಹಳ್ಳಿಗಾಡಿನಲ್ಲಿ ನಾಲ್ಕು ದಿನ ಅಮ್ಮನನ್ನು ಸುತ್ತಾಡಿಸಬೇಕೆಂಬುದು ನನ್ನ ಬಹುದಿನದ ಆಸೆ. ಅದಕ್ಕೆ ಬೇಕಾದುದನ್ನೆಲ್ಲ ಓದಿಕೊಂಡಿದ್ದೆ. ಭಾರತದ ಚಾಲನಾ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಪರ್ಮಿಟ್ಟು ಇರಬೇಕು; ಠೇವಣಿಗೆ ಕ್ರೆಡಿಟ್ ಕಾರ್ಡು ಬೇಕು; ರಸ್ತೆಯ ಬಲಬದಿಯಲ್ಲಿ ಓಡಿಸಬೇಕು; ಹಳೆಯ ಊರುಗಳ ನಡುಭಾಗದಲ್ಲಿ ಕ್ಯಾಮೆರಾ ಕಾಯುವ ನಿರ್ಬಂಧಿತ ವಲಯಗಳಿವೆ, ತಿಳಿಯದೆ ನುಗ್ಗಿದರೆ ಎಷ್ಟೋ ತಿಂಗಳ ಮೇಲೆ ದಂಡದ ಚೀಟಿ ಮನೆ ಹುಡುಕಿಕೊಂಡು ಬರುತ್ತದೆ. ಇವೆಲ್ಲಕ್ಕೂ ಸಿದ್ಧನಾಗಿದ್ದೆ. ಅಮ್ಮನ ವೀಸಾ ಮಾತ್ರ ಬರಲಿಲ್ಲ. ಆಕೆ ಪ್ರವಾಸ ಮುಗಿಸಿ ಊರಿಗೆ ಮರಳುತ್ತಾಳೆಂಬ ಭರವಸೆ ಮೂಡಲಿಲ್ಲವಂತೆ. ಬೆಂಗಳೂರಿನ ಮಗಳ ಮನೆಯಲ್ಲೇ ನಾಲ್ಕು ದಿನ ನಿಲ್ಲದೆ ತಿಪಟೂರಿನ ಬಸ್ಸು ಹತ್ತುವ ಎಪ್ಪತ್ತೆರಡರ ಹೆಂಗಸು ಇಟಲಿಯಲ್ಲಿ ಉಳಿದುಬಿಡುತ್ತಾಳೆಂದು ಯಾರೋ ಅಧಿಕಾರಿ ಭಯಪಟ್ಟಿದ್ದು ನಮ್ಮ ಮನೆಯಲ್ಲಿ ಈಗಲೂ ನಗೆಯ ಸಂಗತಿ. ಆದರೆ ಅದು ಬರಿಯ ನಗೆಯ ಸಂಗತಿಯಲ್ಲ. ಯುರೋಪಿನ ಪಾಸ್‌ಪೋರ್ಟ್ ಉಳ್ಳ ನನ್ನ ಸಹೋದ್ಯೋಗಿಗಳು ಅದೇ ಸಂಕಿರಣದ ಕೊನೆಯ ಸಂಜೆ ಹತ್ತು ನಿಮಿಷದಲ್ಲಿ ಕಾರಿನ ಬೀಗದ ಕೈ ಪಡೆದು ಹೊರಟರು.

ಅಮ್ಮ ಆಗಸ್ಟ್‌ನಲ್ಲಿ ನೈರೋಬಿಗೇ ಬಂದಳು. ಕೆನ್ಯಾ 2024ರ ಜನವರಿಯಿಂದ ವೀಸಾ ಕೈಬಿಟ್ಟು ವಿದ್ಯುನ್ಮಾನ ಅನುಮತಿಯ ಕ್ರಮಕ್ಕೆ ಬಂದಿದೆ. ಆಕೆಗೆ ಅದು ವಾರದೊಳಗೆ ಸಿಕ್ಕಿತು. ನಾವಿರುವುದು ರಿವರ್‌ಸೈಡ್‌ನಲ್ಲಿ, ವಿಶ್ವವಿದ್ಯಾಲಯದ ಚಿರೋಮೊ ಆವರಣಕ್ಕೆ ನಡೆದುಹೋಗುವಷ್ಟು ದೂರದಲ್ಲಿ. ದೂತಾವಾಸಗಳು, ಎತ್ತರದ ಗೋಡೆಗಳು, ಗೋಡೆಯ ಮೇಲೆ ವಿದ್ಯುತ್ ತಂತಿ, ಪ್ರತಿ ಗೇಟಿಗೂ ಕಾವಲುಗಾರ. ಎರಡೇ ದಿನಕ್ಕೆ ಅಮ್ಮನಿಗೆ ಬೇಸರವಾಯಿತು. ಆಗ ಕೆನ್ಯಾದ ಸಹೋದ್ಯೋಗಿಯೊಬ್ಬರು ಹೇಳಿದರು: ಇಟಲಿಯವರ ಕೈಕೆಲಸ ನೋಡಲು ಫ್ಲಾರೆನ್ಸ್‌ಗೇ ಹೋಗಬೇಕೆ, ಮಾಯ್ ಮಹಿಯುವಿನ ಇಳಿಜಾರಿಗೆ ಹೋಗಿ ಬನ್ನಿ.

ಕಾರು ಬಾಡಿಗೆಗೆ ಕೊಡುವವನು ಕೇಳಿದ ಮೊದಲ ಪ್ರಶ್ನೆ, ಚಾಲಕ ಬೇಕೋ ಬೇಡವೋ ಎಂಬುದು. ಯುರೋಪಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಬಾಡಿಗೆ ಕಾರೆಂದರೆ ಕಾರು, ಅಷ್ಟೆ. ನೈರೋಬಿಯಲ್ಲಿ, ಬೆಂಗಳೂರಿನಲ್ಲಿ ಕಾರಿನ ಜೊತೆಗೆ ಒಬ್ಬ ಮನುಷ್ಯನೂ ಬಾಡಿಗೆಗೆ ಬರುತ್ತಾನೆ. ಇಲ್ಲಿ ನಮ್ಮೂರಿನಂತೆಯೇ ಎಡಬದಿಯ ಸಂಚಾರ, ನನಗೆ ಓಡಿಸಲು ಕಷ್ಟವೇನಿರಲಿಲ್ಲ. ಆದರೂ ಚಾಲಕ ಬೇಕೆಂದೆ. ಇಳಿಜಾರಿನಲ್ಲಿ ಲಾರಿಗಳ ಸಾಲು, ಮಟಾಟುಗಳ ಭಂಡ ಧೈರ್ಯ ಎಂಬ ಕಾರಣ ಕೊಟ್ಟೆ. ನಿಜವಾದ ಕಾರಣ ಅಭ್ಯಾಸ.

ವಯ್ಯಾಕಿ ವೇ ಹಿಡಿದು ಲಿಮುರು ಸೀಮೆ ದಾಟುವವರೆಗೆ ಮಂಜು. ಆಗಸ್ಟ್ ಇಲ್ಲಿ ಚಳಿಗಾಲ. ಮುಖ್ಯ ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ಹೊರಳಿದರೆ ನೆಲ ಕಾಲಡಿಯಲ್ಲೇ ಕುಸಿದಂತೆ ರಿಫ್ಟ್ ಕಣಿವೆ ತೆರೆದುಕೊಳ್ಳುತ್ತದೆ. ದೂರದಲ್ಲಿ ಲೊಂಗೊನೊಟ್ ಜ್ವಾಲಾಮುಖಿಯ ಬಾಯಿ. ಈ ಇಳಿಜಾರಿನ ರಸ್ತೆಯನ್ನು ನಿರ್ಮಿಸಿದವರು ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು. ಇಳಿಜಾರು ಮುಗಿಯುವಲ್ಲಿ, ರಸ್ತೆಗೆ ಅಂಟಿಕೊಂಡಂತೆ, ಅವರೇ 1942ರಲ್ಲಿ ಕಟ್ಟಿದ ಒಂದು ಪುಟ್ಟ ಚರ್ಚು ಇದೆ. ಹತ್ತು ಹನ್ನೆರಡು ಜನ ಕುಳಿತರೆ ತುಂಬಿಹೋಗುತ್ತದೆ. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಮುಗಿದು, ಗೋಡೆ ಮುಟ್ಟಿ ನೋಡಿ, "ನಮ್ಮೂರಿನ ಚೌಡಮ್ಮನ ಗುಡಿಗಿಂತ ಸ್ವಲ್ಪ ದೊಡ್ಡದು" ಎಂದಳು.

ಈ ಕೈದಿಗಳನ್ನು ಸೆರೆಹಿಡಿದವರು ಯಾರು ಎಂಬ ಪ್ರಶ್ನೆಯನ್ನು ನಾವು, ಭಾರತೀಯರು, ಕೇಳಿಕೊಳ್ಳಬೇಕು. 1941ರ ಫೆಬ್ರವರಿ ಮಾರ್ಚ್‌ನಲ್ಲಿ ಎರಿಟ್ರಿಯಾದ ಕೆರೆನ್‌ನಲ್ಲಿ ಇಟಲಿಯ ಸೇನೆಯ ಬೆನ್ನು ಮುರಿದದ್ದು ಬಹುಪಾಲು ಬ್ರಿಟಿಷ್ ಇಂಡಿಯಾದ ನಾಲ್ಕು ಮತ್ತು ಐದನೆಯ ಡಿವಿಷನ್‌ಗಳು. ಇಂದು ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡಿರುವ ಮರಾಠಾ ರೆಜಿಮೆಂಟಿನವರೂ ಅಲ್ಲಿ ಕಾದಿದ್ದರು. ಸೋತವರು ಸಾವಿರ ಸಾವಿರ ಸಂಖ್ಯೆಯಲ್ಲಿ ಕೆನ್ಯಾಕ್ಕೆ ಬಂದರು. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಅವರ ಬಂಧುಗಳು ಭಾರತಕ್ಕೆ ಸಾಗಿಸಲ್ಪಟ್ಟರು. ಬೆಂಗಳೂರಿನ ಜಾಲಹಳ್ಳಿಯ ಕಡೆಯ ಶಿಬಿರಗಳು ಅಂಥವು. ಗುಲಾಮ ದೇಶದ ಸೈನಿಕ, ವಸಾಹತು ಕಟ್ಟಹೊರಟ ಇನ್ನೊಂದು ದೇಶದ ಸೈನಿಕನನ್ನು ಸೋಲಿಸಿ, ಮೂರನೆಯ ಗುಲಾಮ ದೇಶದಲ್ಲಿ ರಸ್ತೆ ಹಾಕಲು ಕಳುಹಿಸಿದ ಕಥೆ ಇದು.

ಗೂಗಿ ವಾ ಥಿಯಾಂಗೋ ಅವರನ್ನು ಓದಿದ ಕನ್ನಡಿಗರಿಗೆ ಈ ರಸ್ತೆ ಹೊಸದಲ್ಲ. 1964ರಲ್ಲಿ ಬಂದ ಅವರ ಮೊದಲ ಕಾದಂಬರಿ 'ವೀಪ್ ನಾಟ್, ಚೈಲ್ಡ್' ಆರಂಭದಲ್ಲೇ ಇಟಲಿಯ ಕೈದಿಗಳು ಹಾಕಿದ ಡಾಂಬರು ರಸ್ತೆಯನ್ನು ತರುತ್ತದೆ. ಅದೇ ಪುಟಗಳಲ್ಲಿ ಭಾರತೀಯರ ಅಂಗಡಿಗಳೂ ಇವೆ. ಗೂಗಿ ಹುಟ್ಟಿದ ಕಮಿರಿಥು ಇರುವುದು ಲಿಮುರುವಿನಲ್ಲೇ. ಅಲ್ಲಿನ ರೈತರು ಕಾರ್ಮಿಕರು ಗಿಕುಯು ಭಾಷೆಯಲ್ಲಿ ನಾಟಕವಾಡಿದ್ದಕ್ಕೆ 1977ರ ಕೊನೆಯ ದಿನ ಅವರನ್ನು ಬಂಧಿಸಲಾಯಿತು. 1982ರಲ್ಲಿ ಸರಕಾರ ಆ ರಂಗಮಂದಿರವನ್ನೇ ನೆಲಸಮ ಮಾಡಿತು. 2025ರ ಮೇ 28ರಂದು ಗೂಗಿ ತೀರಿಕೊಂಡಾಗ ನಾವೆಲ್ಲ ಶ್ರದ್ಧಾಂಜಲಿ ಬರೆದೆವು, ನಾನೂ ಬರೆದೆ. ಆ ಅಂಗಡಿಯವರ ಬಗ್ಗೆ ಒಂದು ಸಾಲನ್ನೂ ಬರೆದಿರಲಿಲ್ಲವೆಂದು ಈಗ ನೆನಪಾಗುತ್ತಿದೆ.

ಅವರ ಇಕ್ಕಟ್ಟಿನ ಸ್ಥಾನ ಹೀಗಿತ್ತು. ಈ ತಂಪು ಎತ್ತರದ ಭೂಮಿಯನ್ನು ವಸಾಹತು ಸರಕಾರ ಬಿಳಿಯರಿಗಾಗಿ ಮೀಸಲಿಟ್ಟಿತು. 1896ರಿಂದ 1901ರವರೆಗೆ ರೈಲುಹಳಿ ಹಾಕಲು ತಂದ ಸುಮಾರು 32,000 ಭಾರತೀಯ ಕೂಲಿಗಳಲ್ಲಿ ಸುಮಾರು 2,500 ಮಂದಿ ಸತ್ತರು. ಆದರೂ ಈ ಎತ್ತರದಲ್ಲಿ ಭಾರತೀಯನೊಬ್ಬ ಜಮೀನು ಕೊಳ್ಳುವಂತಿರಲಿಲ್ಲ. 1923ರ ಡೆವನ್‌ಶೈರ್ ಶ್ವೇತಪತ್ರ ಆ ನಿರ್ಬಂಧವನ್ನು ಉಳಿಸಿಕೊಂಡಿತು. ಆದರೆ ಭಾರತೀಯ ಅಂಗಡಿ ಇಡಬಹುದಿತ್ತು, ಓಡಾಡಬಹುದಿತ್ತು. ಗಿಕುಯು ಗಂಡಸಿಗೆ ಅದೂ ಇಲ್ಲ. 1920ರ ಹೊತ್ತಿಗೆ ಜಾರಿಗೆ ಬಂದ ಕಿಪಾಂಡೆ ಪದ್ಧತಿಯಲ್ಲಿ ಹದಿನಾರು ದಾಟಿದ ಪ್ರತಿ ಆಫ್ರಿಕನ್ ಗಂಡಸೂ ಬೆರಳಚ್ಚು, ಯಜಮಾನನ ಷರಾ ಇರುವ ಕಾಗದವನ್ನು ಲೋಹದ ಡಬ್ಬಿಯಲ್ಲಿಟ್ಟು ಕೊರಳಿಗೆ ನೇತುಹಾಕಿಕೊಳ್ಳಬೇಕಿತ್ತು. ತನ್ನದೇ ನೆಲದಲ್ಲಿ ನಡೆಯಲು ವೀಸಾ! ಅಮ್ಮನ ವೀಸಾಕ್ಕಾಗಿ ಗೊಣಗುತ್ತಿದ್ದ ನಾನು ಇದನ್ನು ಹೇಳುತ್ತಿದ್ದಾಗ ನಮ್ಮ ಚಾಲಕ ಮೊದಲ ಬಾರಿಗೆ ಬಾಯಿಬಿಟ್ಟರು. ಅರವತ್ತರ ಹತ್ತಿರದವರು, ನಾವು ಇಲ್ಲಿನ ರೂಢಿಯಂತೆ 'ಮ್ಝೀ' ಎನ್ನುತ್ತಿದ್ದೆವು. ಇಟಲಿಯವರು ಹಾಕಿದ ರಸ್ತೆ ಎಂದು ಎಲ್ಲರೂ ಹೇಳುತ್ತಾರೆ, ಕಲ್ಲು ಒಡೆದವರಲ್ಲಿ ನಮ್ಮವರೂ ಇದ್ದರೆಂದು ನನ್ನ ಅಜ್ಜ ಹೇಳುತ್ತಿದ್ದ, ಅವರಿಗೆ ಯಾರೂ ಚರ್ಚು ಕಟ್ಟಲಿಲ್ಲ ಎಂದರು.

ನೈವಾಶಾದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸರೋವರ, ನೀರಾನೆ, ಪಕ್ಷಿ, ಅದರಾಚೆಗೆ ಕಣ್ಣು ಹಾಯುವವರೆಗೆ ಹೂವಿನ ಹಸಿರುಮನೆಗಳ ಪ್ಲಾಸ್ಟಿಕ್ ಮಾಡು. ಇಲ್ಲಿಯೂ ನಮ್ಮೂರಿನ ಹೆಸರೊಂದಿದೆ. ಬೆಂಗಳೂರು ಮೂಲದ ಕರುತುರಿ ಗ್ಲೋಬಲ್ 2007ರಲ್ಲಿ ಇಲ್ಲಿನ ದೊಡ್ಡ ಗುಲಾಬಿ ತೋಟವನ್ನು ಕೊಂಡು, ಜಗತ್ತಿನ ಅತಿ ದೊಡ್ಡ ಗುಲಾಬಿ ಬೆಳೆಗಾರರಲ್ಲಿ ಒಂದೆನಿಸಿತು. ತೆರಿಗೆಯ ವಿವಾದ, ಸಂಬಳಕ್ಕಾಗಿ ಕಾರ್ಮಿಕರ ಮುಷ್ಕರ, ಕೊನೆಗೆ 2014ರಲ್ಲಿ ತೋಟ ರಿಸೀವರ್ ವಶ. ಇದೇ ಕಂಪೆನಿ ಇಥಿಯೋಪಿಯಾದ ಗ್ಯಾಂಬೆಲಾದಲ್ಲಿ ಒಂದು ಲಕ್ಷ ಹೆಕ್ಟೇರ್ ಭೂಮಿಯನ್ನು ಗುತ್ತಿಗೆ ಪಡೆದಾಗ ಕನ್ನಡದ ಕೆಲವು ಪತ್ರಿಕೆಗಳಿಗೆ ಅದು ಹೆಮ್ಮೆಯ ಸುದ್ದಿಯಾಗಿತ್ತು. ಭೂಮಿ ಕಳೆದುಕೊಳ್ಳುವವರು ನಾವಾದರೆ ಹೋರಾಟ, ಪಡೆಯುವವರು ನಾವಾದರೆ ಸಾಧನೆ.

ನಾನು ಈ ಲೇಖನ ಬರೆಯಲು ಕಾರಣ ಆ ರಾತ್ರಿ. ಸರೋವರದ ಬಳಿಯ ಅತಿಥಿಗೃಹದಲ್ಲಿ ನಮಗೆ ಎರಡು ಕೋಣೆ ಕಾದಿರಿಸಿದ್ದೆ. ಊಟಕ್ಕೆ ಕುಳಿತಾಗ ಅಮ್ಮ ಕೇಳಿದಳು, "ಆ ಡ್ರೈವರಪ್ಪಂದು ಊಟ ಆಯ್ತೇನೋ? ಎಲ್ಲಿ ಮಲಗ್ತಾನೆ?" ನನಗೆ ಗೊತ್ತಿರಲಿಲ್ಲ. ರಾತ್ರಿ ಭತ್ಯೆ ಕೊಟ್ಟಿದ್ದೆ, ಅಲ್ಲಿಗೆ ನನ್ನ ಜವಾಬ್ದಾರಿ ತೀರಿತ್ತು. ಹೊರಗೆ ಹೋಗಿ ನೋಡಿದರೆ ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿ, ಕೋಟು ಹೊದ್ದು ಮಲಗಿದ್ದರು. ಒಳಗೆ ಉಸಿರಿನಿಂದ ಗಾಜು ಮಬ್ಬಾಗಿತ್ತು. ಅಷ್ಟರಲ್ಲಿ ಹಗಲೆಲ್ಲ ನಾನು ಅವರ ಅಜ್ಜನ ಕಿಪಾಂಡೆಯ ಕುರಿತು ಉಪನ್ಯಾಸ ಮಾಡಿಯಾಗಿತ್ತು.

1929ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಯನ್ನು ಕಟ್ಟಡದಲ್ಲೋ ಬಿಡಾರದಲ್ಲೋ ಇರಿಸಬೇಕು, ತನ್ನ ಸೈನ್ಯಕ್ಕೆ ಕೊಡುವಷ್ಟೇ ಆಹಾರ ಕೊಡಬೇಕು. ಈ ರಸ್ತೆ ಹಾಕಿದ ಇಟಲಿಯ ಕೈದಿಗೆ ಕಾಗದದ ಮೇಲಾದರೂ ಒಂದು ಮಾಡು ಇತ್ತು. ಅದೇ ರಸ್ತೆಯಲ್ಲಿ ನನ್ನನ್ನು ಕರೆತಂದವರಿಗೆ ಅಷ್ಟೂ ಇರಲಿಲ್ಲ.

ಗೆಳೆಯರ ಬಳಿ ಇದನ್ನು ಹೇಳಿದರೆ ಎರಡು ಉತ್ತರ ಬರುತ್ತವೆ. ಅವರೇ ಕಾರಿನಲ್ಲಿ ಮಲಗಿ ಭತ್ಯೆ ಉಳಿಸುತ್ತಾರೆ, ಅವರಿಗೇ ಅದು ಬೇಕು ಎಂಬುದು ಒಂದು. ಹಾಸಿಗೆಯೋ ಮೊಮ್ಮಗನ ಶಾಲೆಯ ಶುಲ್ಕವೋ ಆರಿಸಿಕೋ ಎಂದು ಕೊಡುವ ದುಡ್ಡನ್ನು ಭತ್ಯೆ ಎಂದು ಕರೆಯುವುದು ಹೇಗೆಂದು ನನಗೆ ತಿಳಿಯದು. ಇನ್ನೊಂದು ಉತ್ತರ, ನಾವೇ ಓಡಿಸಿಕೊಂಡರೆ ಮುಗಿಯಿತು ಎಂಬುದು. ಮುಗಿಯುತ್ತದೆ, ನಮ್ಮ ಮುಜುಗರ ಮುಗಿಯುತ್ತದೆ; ಅವರ ಎರಡು ದಿನದ ಸಂಪಾದನೆಯೂ ಮುಗಿಯುತ್ತದೆ. ನಾನು ಹೇಳುವುದು ಇದಕ್ಕಿಂತ ಸಣ್ಣ ಸಂಗತಿ: ಕೋಣೆಯನ್ನು ನಾವೇ ಕಾದಿರಿಸಬೇಕು, ಭತ್ಯೆ ಅದಕ್ಕೆ ಹೊರತಾಗಿರಬೇಕು, ಓಡಿಸುವ ಗಂಟೆಗಳಿಗೆ ಮಿತಿ ಇರಬೇಕು. ಊರಿಗೆ ಹೋದಾಗ ಕೊಡಗಿನ, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಲ್ಲಿ ತಂಗುವ ನಮ್ಮಲ್ಲಿ ಎಷ್ಟು ಜನ ಕೋಣೆ ಗೊತ್ತುಮಾಡುವಾಗ ಚಾಲಕನಿಗೆ ಜಾಗವಿದೆಯೇ ಎಂದು ಕೇಳಿದ್ದೇವೆ? ಕನ್ನಡ ಕೂಟಗಳು ಪ್ರವಾಸ ಏರ್ಪಡಿಸುವಾಗ ಸಸ್ಯಾಹಾರದ ಏರ್ಪಾಟನ್ನು ಎಷ್ಟು ಸಲ ವಿಚಾರಿಸುತ್ತವೆಂಬುದನ್ನು ನಾನು ಬಲ್ಲೆ.

ಆ ರಾತ್ರಿ ಅತಿಥಿಗೃಹದಲ್ಲಿ ಇನ್ನೊಂದು ಕೋಣೆ ಖಾಲಿ ಇತ್ತು. ಮ್ಝೀ ಮೊದಲು ಒಪ್ಪಲಿಲ್ಲ. ಬೆಳಿಗ್ಗೆ ಕಾರಿನ ಬಗ್ಗೆ ಯಜಮಾನ ಕೇಳಿದರೆ, ಕಾರನ್ನು ಬಿಟ್ಟು ಮಲಗಿದೆನೆಂದು ಗೊತ್ತಾದರೆ ಎಂದರು. ಅಮ್ಮ ಕನ್ನಡದಲ್ಲೇ ಏನೇನೋ ಹೇಳಿ, ಕೈಹಿಡಿದೆಬ್ಬಿಸಿ ಕರೆತಂದಳು. ಮುಂದಿನ ತಿಂಗಳು ನಕೂರುವಿಗೆ ಹೋಗುವವರಿದ್ದೇವೆ, ಅವರೇ ಬರುತ್ತಾರೆ. ಮೂರು ಕೋಣೆ ಬೇಕೆಂದು ಫೋನು ಮಾಡಿದಾಗ ಹೋಟೆಲಿನವರು, ಮೂರನೆಯದು ಯಾರಿಗೆ ಎಂದು ಎರಡು ಸಲ ಕೇಳಿದರು. ಚಾಲಕರಿಗೆಂದಾಗ, ಹಾಗಾದರೆ ಹಿಂಭಾಗದಲ್ಲಿ ಅಗ್ಗದ ಕೋಣೆಯೊಂದಿದೆ, ಅದು ಸಾಕಲ್ಲವೇ ಎಂದರು.